ನಿಮಗಿದು ಗೊತ್ತೇ? ಸೀಟಿನಡಿ ಅಡಗಿದ ‘ಕಂಪನಿ ಕಲರ್’

ಹಾಸನದಿಂದ ಅರಸೀಕೆರೆ ಕಡೆಗೆ ಹೊರಟರೆ ಕೋರವಂಗಲ ದಾಟಿದ ಮೇಲೆ ದುದ್ದ ಸಿಗುತ್ತದೆ. ಆಲೂಗಡ್ಡೆ ಬೆಳೆಯುವ ಹೋಬಳಿ. ಇಂಥ ಊರುಗಳ ಕೊಟ್ಟಿಗೆಯಲ್ಲೋ ಕೊಬ್ಬರಿ ಮನೆಯ ಪಕ್ಕದ ಶೆಡ್ಡಿನಲ್ಲೋ ಟಾರ್ಪಾಲು ಹೊದ್ದು ನಿಂತ ಅಂಬಾಸಿಡರ್, ಫಿಯೆಟ್‌ಗಳನ್ನು ಹುಡುಕಿಕೊಂಡು ಜನ ಬರುತ್ತಾರೆ. ಬಂದವರು ಎಂಜಿನ್ ನೋಡುತ್ತಾರೆ, ತುಕ್ಕು ನೋಡುತ್ತಾರೆ, ಆರ್.ಸಿ. ಪುಸ್ತಕ ತಿರುವುತ್ತಾರೆ. ಒಳಗಿನ ಬಣ್ಣ ಒರಿಜಿನಲ್ಲಾ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಕಂಪನಿ ಕಲರೇ ಸಾರ್, ಕೈ ಹಾಕಿಲ್ಲ.’ ಕೈ ಹಾಕಿದ್ದಾರೋ ಇಲ್ಲವೋ ಎಂಬುದನ್ನು ಕಾರನ್ನೇ ಕೇಳಿ ತಿಳಿಯುವ ದಾರಿಗಳು ಈ ಕಂತಿನಲ್ಲಿವೆ.

● 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ 50 ವರ್ಷ ದಾಟಿದ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಗಾಡಿ ಮೂಲ ರೂಪದಲ್ಲಿರಬೇಕು ಎಂಬ ಷರತ್ತೂ ಇದೆ. ಆದರೆ ಬದಲಾವಣೆ ಮಾಡಿರಬಾರದು ಎಂದು ಅದು ಹೆಸರಿಸುವುದು ಚಾಸಿ, ಬಾಡಿ ಶೆಲ್, ಎಂಜಿನ್‌ಗಳನ್ನು. ಸೀಟಿಗೆ ಯಾವ ಬಣ್ಣದ ರೆಕ್ಸಿನ್ ಹೊಲಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೇಳುವವರು ಪ್ರದರ್ಶನದ ತೀರ್ಪುಗಾರರು ಮತ್ತು ದುಡ್ಡು ಕೊಡುವವರು.

● ಇಂಗ್ಲೆಂಡಿನ ಹಳೇ ಕಾರು ಕ್ಲಬ್ಬುಗಳ ಲೆಕ್ಕ ಬೇರೆ. ಅಲ್ಲಿ 1919ರಿಂದ 1930ರ ನಡುವೆ ತಯಾರಾದ ಕಾರಷ್ಟೇ ವಿಂಟೇಜ್. ಆ ಲೆಕ್ಕದಲ್ಲಿ 1957ರಲ್ಲಿ ಶುರುವಾದ ಅಂಬಾಸಿಡರ್ ಒಂದೂ ವಿಂಟೇಜ್ ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಆಗುತ್ತದೆ. ನಮ್ಮದೇ ಒಳ್ಳೆಯದು ಬಿಡಿ.

● ಆರ್.ಸಿ. ಪುಸ್ತಕದಲ್ಲಿ ‘ಬಣ್ಣ’ ಎಂಬ ಕಲಂ ಇರುವುದು ನಿಜ. ಅದು ಹೊರಮೈಗೆ ಸೇರಿದ್ದು. ಹಾಸನದ ಕೆಎ 13 ಆಗಲಿ, ಅದಕ್ಕೂ ಹಿಂದಿನ ಮೈಸೂರು ರಾಜ್ಯದ ಕಾಲದ ನಂಬರ್ ಆಗಲಿ, ಒಳಗೆ ಯಾವ ಬಣ್ಣವಿತ್ತು ಎಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಜಾಗವೇ ಇಲ್ಲ.

● ಹಳೇ ಕಾಲದ ದೊಡ್ಡ ಕಾರುಗಳಲ್ಲಿ ಚರ್ಮದ ಸೀಟು ಡ್ರೈವರ್‌ಗೆ, ಬಟ್ಟೆಯ ಸೀಟು ಧಣಿಗೆ! ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುಂದಿನ ಭಾಗಕ್ಕೆ ಸೂರು ಇರುತ್ತಿರಲಿಲ್ಲ, ಇದ್ದರೂ ಮಳೆ ಗಾಳಿ ಧೂಳು ತಪ್ಪುತ್ತಿರಲಿಲ್ಲ. ಅದನ್ನೆಲ್ಲ ತಡೆದುಕೊಳ್ಳುವುದು ಚರ್ಮ, ಅದೂ ಹೆಚ್ಚಾಗಿ ಕಪ್ಪು ಚರ್ಮ. ಗಾಜಿನ ಗೋಡೆಯ ಹಿಂದೆ ಕೂರುವ ಒಡೆಯರಿಗೆ ನಯವಾದ ಉಣ್ಣೆ ಬಟ್ಟೆ. ಹಾಗಾಗಿ 1920ರ ದಶಕದ ಲಿಮೊಸಿನ್ ಒಂದರ ಹಿಂದಿನ ಸೀಟಿಗೆ ಈಗ ಹೊಳೆಯುವ ಕೆಂಪು ಚರ್ಮ ಹೊದಿಸಿದ್ದರೆ ಅದು ಶ್ರೀಮಂತಿಕೆಯ ಗುರುತಲ್ಲ, ಅನುಮಾನಕ್ಕೆ ಮೊದಲ ಕಾರಣ. ಬಟ್ಟೆ ಹರಿದ ಮೇಲೆ ಯಾರೋ ‘ಚರ್ಮವೇ ಹೆಚ್ಚು ಗತ್ತು’ ಎಂದುಕೊಂಡು ಮಾಡಿಸಿದ ಕೆಲಸವಿರಬಹುದು.

● ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಚಾಸಿ ಮತ್ತು ಎಂಜಿನ್ ಮಾತ್ರ. ಮೇಲಿನ ಬಾಡಿ, ಸೀಟು, ಬಣ್ಣ ಎಲ್ಲವೂ ಹೂಪರ್, ಬಾರ್ಕರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಕೋಚ್ ಬಿಲ್ಡರ್‌ಗಳ ಕೈಗೆ ಬಿಟ್ಟದ್ದು. ಮೈಸೂರು ಅರಮನೆ ಒಂದೇ ಸಲಕ್ಕೆ ಹಲವು ರೋಲ್ಸ್ ತರಿಸುತ್ತಿತ್ತು ಎಂಬ ಮಾತು ಕಾರು ಪ್ರಿಯರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಅಂಥ ಕಾರಿನ ಒಳಬಣ್ಣ ಪರೀಕ್ಷಿಸುವಾಗ ಚಾಸಿ ನಂಬರ್ ಹಿಡಿದು ಹೊರಟರೆ ಅರ್ಧ ದಾರಿಯಷ್ಟೇ ಸಾಗುತ್ತೀರಿ. ಬಾಡಿ ಕಟ್ಟಿದವರ ಪುಟ್ಟ ಫಲಕ ಹೊಸ್ತಿಲಿನ ತಗಡಿನ ಮೇಲೆ ಉಳಿದಿದೆಯೇ ನೋಡಬೇಕು. ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿರುವ ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬು ಹಳೇ ಚಾಸಿ ಕಾರ್ಡುಗಳನ್ನು ಕಾಪಾಡಿಕೊಂಡು ಬಂದಿದೆ.

● ನಮ್ಮ ಕಡೆಯೇ ಬಾಡಿ ಕಟ್ಟಿದ ಕಾರುಗಳೂ ಇದ್ದವು. 1840ರಲ್ಲಿ ಶುರುವಾದ ಮದ್ರಾಸಿನ ಸಿಂಪ್ಸನ್ ಕಂಪನಿ ಮೊದಲು ಕುದುರೆಗಾಡಿ ಮಾಡುತ್ತಿತ್ತು, ಆಮೇಲೆ ಮೋಟಾರು ಗಾಡಿಗಳ ಬಾಡಿಗೂ ಕೈ ಹಾಕಿತು. ಅಂಥ ಕಾರಿನಲ್ಲಿ ಮದ್ರಾಸಿನವರು ಹೊಲಿದ ಸೀಟೇ ಒರಿಜಿನಲ್. ಒರಿಜಿನಲ್ ಎಂದರೆ ಸೀಮೆಯದು ಎಂದು ತಿಳಿದು ಅದನ್ನು ಕಿತ್ತೆಸೆದವರಿಗೆ ಏನು ಹೇಳೋಣ?

● ಹಳೇ ಷೆವರ್ಲೆ ಇದ್ದರೆ ಇನ್ನೊಂದು ಎಚ್ಚರ. ಜನರಲ್ ಮೋಟರ್ಸ್ ಕಂಪನಿ 1928ರಲ್ಲೇ ಮುಂಬಯಿಯ ಸೇವ್ರಿಯಲ್ಲಿ ಕಾರು ಜೋಡಿಸಲು ಶುರುಮಾಡಿ 1954ರಲ್ಲಿ ಬಾಗಿಲು ಹಾಕಿತು. ಅಮೆರಿಕದ ಕಾರುಗಳಲ್ಲಿ ಬಾನೆಟ್ ಒಳಗಿನ ತಗಡಿನ ಮೇಲೆ ಬಣ್ಣಕ್ಕೊಂದು, ಸೀಟಿಗೊಂದು ನಂಬರ್ ಕುಟ್ಟಿದ ಫಲಕ ಇರುತ್ತದೆ. ಬಿಡಿಭಾಗಗಳಾಗಿ ಬಂದು ಸೇವ್ರಿಯಲ್ಲಿ ಜೋಡಣೆಯಾದ ಬಲಗೈ ಸ್ಟೇರಿಂಗಿನ ಕಾರನ್ನು ಅಮೆರಿಕದ ಪಟ್ಟಿ ಹಿಡಿದು ಅಳೆಯುವುದು ಜಾಣತನವಲ್ಲ.

● ಅಮೆರಿಕದವರಿಗೆ ಸಿಗುವ ಇನ್ನೊಂದು ಅದೃಷ್ಟ: 1960, 70ರ ದಶಕದ ಎಷ್ಟೋ ಕಾರುಗಳಲ್ಲಿ ಕಾರ್ಖಾನೆಯ ಕೆಲಸದ ಚೀಟಿ ಸೀಟಿನ ಸ್ಪ್ರಿಂಗುಗಳ ನಡುವೆ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿಕೊಂಡು ಹಾಗೇ ಉಳಿದಿರುತ್ತದೆ. ಇಲಿ ತಿನ್ನದಿದ್ದರೆ, ಆ ಕಾರಿಗೆ ಯಾವ ಬಣ್ಣದ ಸೀಟು ಹಾಕಬೇಕೆಂದು ಅಂದು ಬರೆದದ್ದು ಇಂದೂ ಓದಬಹುದು.

● ಮರ್ಸಿಡಿಸ್ ಬೆಂಜ್ ಪ್ರತಿ ಕಾರಿಗೂ ಒಂದು ಡೇಟಾ ಕಾರ್ಡ್ ಇಡುತ್ತಿತ್ತು. 1970, 80ರ ದಶಕದ ಕಾರುಗಳಲ್ಲಿ ಸೀಟಿನ ಕೋಡ್ ಮೂರಂಕಿಯದು. ಮೊದಲ ಅಂಕಿ 0 ಇದ್ದರೆ ಬಟ್ಟೆ, 1 ಇದ್ದರೆ ವಿನೈಲ್, 2 ಇದ್ದರೆ ಚರ್ಮ. ಉಳಿದೆರಡು ಅಂಕಿ ಬಣ್ಣಕ್ಕೆ. ಕಾರ್ಡಿನಲ್ಲಿ 1ರಿಂದ ಶುರುವಾಗುವ ಸಂಖ್ಯೆ ಇದ್ದು ಕಾರಿನಲ್ಲಿ ಚರ್ಮವಿದ್ದರೆ, ಆ ಚರ್ಮ ಆಮೇಲೆ ಬಂದದ್ದು. ವಾದವೇ ಬೇಡ.

● ಜಾಗ್ವಾರ್‌ಗೂ ಅದರದೇ ಹೆರಿಟೇಜ್ ಟ್ರಸ್ಟ್ ಇದೆ. ಮಾರಿಸ್, ಆಸ್ಟಿನ್, ಎಂಜಿ ಕಾರುಗಳ ಕಾರ್ಖಾನೆ ಲೆಡ್ಜರುಗಳು ಇಂಗ್ಲೆಂಡಿನ ಗೇಡನ್‌ನಲ್ಲಿವೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಹೊರಬಣ್ಣ, ಒಳಬಣ್ಣ ಬರೆದ ಪ್ರಮಾಣಪತ್ರ ಕಳಿಸುತ್ತಾರೆ. ಹಡಗಿನಲ್ಲಿ ಪೂರ್ತಿ ಕಾರಾಗಿಯೇ ಬಂದ ಹಳೇ ಮಾರಿಸ್ ಇದ್ದರೆ ಅದು ಬಹುದೊಡ್ಡ ಆಧಾರ. ಅಂಬಾಸಿಡರ್‌ಗೆ ಅದು ಉಪಯೋಗಕ್ಕೆ ಬಾರದು. ಅದರ ರೂಪ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯದು ನಿಜ, ಆದರೆ ಬಣ್ಣ ಬಳಿದು ಸೀಟು ಹೊಲಿದದ್ದು ಬಂಗಾಳದ ಉತ್ತರಪಾರಾದಲ್ಲಿ. ಇಂಗ್ಲೆಂಡಿನ ಬಣ್ಣದ ಪಟ್ಟಿ ಹಿಡಿದು ‘ಇದೇ ಅಂಬಾಸಿಡರ್‌ನ ಅಸಲಿ ಬಣ್ಣ’ ಎನ್ನುವವರ ಮಾತಿಗೆ ತಲೆಯಾಡಿಸಬೇಡಿ.

● ಅಂಥ ಲೆಡ್ಜರುಗಳು ಬೆಂಗಳೂರಿನಲ್ಲೇ ಇರಬಹುದಿತ್ತು! 1930ರ ದಶಕದ ಮಧ್ಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ಮಾಡುವ ಕಾರ್ಖಾನೆಯ ಯೋಜನೆ ಹಿಡಿದು ಯುರೋಪ್, ಅಮೆರಿಕ ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಕೈ ಜೋಡಿಸಿದರು, ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು, ಬೆಂಗಳೂರಿನಲ್ಲಿ ಕಾರ್ಖಾನೆ ಎಂದಾಯಿತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟುಹಾಕಿದರು. ಮುಂದೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತು ಹೊರಬಂದದ್ದು ಅಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100.

● ಹಾಗಾದರೆ ಕಾಗದವಿಲ್ಲದ ಅಂಬಾಸಿಡರ್‌ನ ಒಳಬಣ್ಣ ತಿಳಿಯುವುದು ಹೇಗೆ? ಕಾರೇ ಕಾಗದ. ಹಿಂದಿನ ಸೀಟಿನಿಂದ ಶುರುಮಾಡಿ. ಕೂರುವ ಕುಷನ್ ಎತ್ತಿ ಮಗುಚಿ ಹಾಕಿ. ಮೇಲೆ ಹೊಳೆಯುವ ಕಾಫಿ ಬಣ್ಣದ ರೆಕ್ಸಿನ್ ಇರಬಹುದು. ಕೆಳಗೆ ಆ ರೆಕ್ಸಿನ್ ಚೌಕಟ್ಟಿಗೆ ಸುತ್ತಿ ಬರುವ ಅಂಚನ್ನು ನೋಡಿ: ತಂತಿಯ ಕೊಕ್ಕೆಗೆ ಸಿಕ್ಕಿಕೊಂಡ ಹಳೇ ತುಣುಕು, ಉಗುರಿನಷ್ಟು ಅಗಲದ್ದು, ಬೂದು ಬಣ್ಣದ್ದು. ಹೊಸದು ಹೊದಿಸಿದವನು ಹಳೆಯದನ್ನು ಬ್ಲೇಡಿನಲ್ಲಿ ಕೊಯ್ದು ಎಳೆದಿರುತ್ತಾನೆ, ಕೊಕ್ಕೆಯೊಳಗೆ ಸಿಕ್ಕಿದ್ದನ್ನು ಬಿಡಿಸುವ ತಾಳ್ಮೆ ಅವನಿಗೆಲ್ಲಿ? ಆ ತುಣುಕಿಗೆ ಬಿಸಿಲು ತಾಕಿಲ್ಲ, ಪಂಚೆ ಪ್ಯಾಂಟು ಉಜ್ಜಿಲ್ಲ. ಅದನ್ನು ಕಿತ್ತು, ತಿರುವಿ, ಹಿಂಬದಿಯ ಬಟ್ಟೆ ನೋಡಿ. ಹಳೇ ರೆಕ್ಸಿನ್ನಿನ ಬೆನ್ನಿಗೆ ಇರುವುದು ನೇಯ್ದ ಹತ್ತಿ ಬಟ್ಟೆ, ಅಡ್ಡ ಉದ್ದ ಎಳೆ ಎಣಿಸಬಹುದು. ಇತ್ತೀಚಿನದರ ಬೆನ್ನಿಗೆ ಹೆಚ್ಚಾಗಿ ಬನಿಯನ್ನಿನಂತೆ ಹಿಗ್ಗುವ ಹೆಣೆದ ಸಿಂಥೆಟಿಕ್ ಬಟ್ಟೆ. ಒಂದೇ ಉಗುರಗಲದಲ್ಲಿ ಬಣ್ಣವೂ ಸಿಕ್ಕಿತು, ಕಾಲವೂ ಸಿಕ್ಕಿತು.

● ಡೋರ್ ಪ್ಯಾಡ್ ಬಿಚ್ಚಿ ಹಿಂದೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಹಲಗೆಯ ಅಂಚಿಗೆ ಮಡಚಿ ಅಂಟಿಸಿದ ಪಟ್ಟಿಯಲ್ಲಿ ಅಂದಿನ ಬಣ್ಣ ಹೆಚ್ಚು ಬದಲಾಗದೆ ಉಳಿದಿರುತ್ತದೆ. ಕೋಚ್ ಬಿಲ್ಡರುಗಳ ಕಾರಾದರೆ ಹಲಗೆಯ ಹಿಂದೆ ಸೀಮೆಸುಣ್ಣದಲ್ಲೋ ಪೆನ್ಸಿಲ್ಲಿನಲ್ಲೋ ಬಾಡಿ ನಂಬರ್ ಬರೆದಿರುವುದುಂಟು. ನಾಲ್ಕೂ ಬಾಗಿಲಿನ ನಂಬರ್ ಒಂದೇ ಆಗಿದ್ದರೆ ಆ ಪ್ಯಾಡುಗಳು ಕಾರಿನ ಜೊತೆಗೇ ಹುಟ್ಟಿದವು.

● ತೂತು ಎಣಿಸಿ! ಹಳೇ ಕಾರಿನ ಒಳಹೊದಿಕೆಯನ್ನು ಮರದ ಪಟ್ಟಿಗೆ ಸಣ್ಣ ಮೊಳೆಗಳಿಂದ ಬಡಿಯುತ್ತಿದ್ದರು. ಒಂದೇ ಸಾಲು ತೂತು ಇದ್ದರೆ ಒಂದೇ ಸಲ ಹೊದಿಸಿದ್ದು. ಎರಡು ಮೂರು ಸಾಲು ಇದ್ದರೆ ಅಷ್ಟು ಸಲ ಕುಷನ್ ವರ್ಕ್ಸ್ ಬಾಗಿಲು ಕಂಡು ಬಂದಿದೆ. ಯುದ್ಧಕ್ಕೆ ಮುಂಚಿನ ಕಾರಿನಲ್ಲಿ ಮೊಳೆಯ ಬದಲು ಸ್ಟೇಪಲ್ ಪಿನ್ನು ಕಂಡರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ.

● 1950, 60ರ ದಶಕದಲ್ಲಿ ಕಾರ್ಖಾನೆಗಳು ವಿನೈಲ್ ಡೋರ್ ಪ್ಯಾಡಿನ ಗೆರೆಗಳನ್ನು ಹೊಲಿಯುವುದನ್ನು ಬಿಟ್ಟು ವಿದ್ಯುತ್ ಶಾಖದಿಂದ ಬೆಸೆಯಲು ಶುರುಮಾಡಿದವು. ಆ ಗೆರೆಯಲ್ಲಿ ದಾರ ಇರುವುದಿಲ್ಲ, ಒತ್ತಿದ ಗುರುತು ಮಾತ್ರ. ನಮ್ಮ ಊರುಗಳ ಕುಷನ್ ಅಂಗಡಿಯಲ್ಲಿ ಅಂಥ ಯಂತ್ರವಿಲ್ಲ. ಅವರು ಅದೇ ಗೆರೆಯನ್ನು ಮಷಿನ್ನಿನಲ್ಲಿ ಹೊಲಿಯುತ್ತಾರೆ, ಚೆನ್ನಾಗಿಯೇ ಹೊಲಿಯುತ್ತಾರೆ. ಬೆಸೆದ ಗೆರೆ ಇರಬೇಕಾದ ಕಡೆ ದಾರ ಕಂಡರೆ ಬಣ್ಣ ಎಷ್ಟೇ ಹೊಂದಿದರೂ ಅದು ಕಾರ್ಖಾನೆಯದಲ್ಲ.

● ದಾರವೂ ಬಾಯಿ ಬಿಡುತ್ತದೆ. ಚರ್ಮದ ಸೀಟಿಗೆ ಮೇಲಿಂದ ಬಣ್ಣ ಬಳಿದು ಹೊಸದು ಮಾಡುವುದು ಸುಲಭ, ಹೊಲಿಗೆಯ ದಾರಕ್ಕೆ ಬಣ್ಣ ತಾಕದಂತೆ ಬಳಿಯುವುದು ಬಹಳ ಕಷ್ಟ. ದಾರವೂ ಚರ್ಮವೂ ಒಂದೇ ಬಣ್ಣದಲ್ಲಿ ಮುಳುಗಿದ್ದರೆ, ಬಿರುಕಿನ ಒಳಗೂ ಅದೇ ಹೊಳಪು ಇದ್ದರೆ, ಬಣ್ಣ ಬಿರುಕಿಗಿಂತ ಹೊಸದು. ಅಷ್ಟು ತರ್ಕ ಸಾಕು.

● ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಇದೆಯಲ್ಲ, ಅದು ಇಲ್ಲಿ ಒಳ್ಳೆಯ ಅಸ್ತ್ರ. ಇಂದಿನ ಬಿಳಿ ದಾರ, ಬಟ್ಟೆಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಆ ಬೆಳಕಿಗೆ ನೀಲಿಯಾಗಿ ಉರಿಯುತ್ತದೆ. ಇದು ಬಳಕೆಗೆ ಬಂದದ್ದು 1940ರ ದಶಕದಿಂದೀಚೆಗೆ. ಹಾಗಾಗಿ 1930ರ ಕಾರಿನ ‘ಒರಿಜಿನಲ್’ ಹೊಲಿಗೆ ಕತ್ತಲಲ್ಲಿ ಮಿನುಗಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಒಂದು ಎಚ್ಚರ ಮಾತ್ರ: ಬಟ್ಟೆ ಒಗೆಯುವ ಪುಡಿಯಲ್ಲೂ ಅದೇ ರಾಸಾಯನಿಕ ಇರುತ್ತದೆ. ಪಾಪ, ಯಾರೋ ಆಯುಧಪೂಜೆಗೆ ಸೀಟನ್ನು ಸರ್ಫು ಹಾಕಿ ತಿಕ್ಕಿ ತೊಳೆದಿದ್ದರೂ ಮಿನುಗುತ್ತದೆ. ಆದ್ದರಿಂದ ಹೊಲಿಗೆಯ ಒಳಮಡಿಕೆಯಲ್ಲಿ ನೋಡಿ, ಮೇಲೆ ಅಲ್ಲ.

● ರೆಕ್ಸಿನ್ ಎಂಬುದು ಮೊದಲು ಮ್ಯಾಂಚೆಸ್ಟರ್ ಬಳಿಯ ಒಂದು ಕಂಪನಿಯ ಸರಕು. ಹತ್ತಿ ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ. ಅದು ಬಂದೂಕಿನ ಮದ್ದಿಗೆ ಹತ್ತಿರದ ನೆಂಟ, ಬೆಂಕಿ ತಾಗಿದರೆ ಭರ್ರನೆ ಹೊತ್ತಿಕೊಳ್ಳುವಂಥದ್ದು. ಇಂದು ಅದೇ ಹೆಸರಿನಲ್ಲಿ ಸಿಗುವುದು ಪಿವಿಸಿ. ಹೆಸರು ಒಂದೇ, ಮಾಲು ಬೇರೆ, ಮಾಸುವ ರೀತಿಯೂ ಬೇರೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುತ್ತೇನೆ ಎಂದು ಕಾರಿನೊಳಗೆ ಕೂತವರನ್ನು ಮೊದಲು ಇಳಿಸಿ.

● ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ವಸ್ತು ಬಿಸಿಲಿಗೆ ಆವಿಯಾಗುತ್ತದೆ. ಕಾರಿನ ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜಿನಂತೆ ಕೂರುವುದು ಅದೇ. ಅದು ಹೋದ ಮೇಲೆ ಡ್ಯಾಶ್‌ಬೋರ್ಡು ಬಿರಿಯುತ್ತದೆ, ಬಣ್ಣ ಕಳೆಗುಂದುತ್ತದೆ.

● ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಮಾಸುವ ಜಾಗ ಹಿಂದಿನ ಗಾಜಿನ ಕೆಳಗಿನ ಹಲಗೆ. ಪೂಜೆಯ ಹೂವು, ಟಿಶ್ಯೂ ಡಬ್ಬಿ, ಮಗುವಿನ ಟೋಪಿ ಇಡುವ ಜಾಗ. ಅದರ ಬಣ್ಣ ನೋಡಿ ಸೀಟಿನ ಬಣ್ಣ ತೀರ್ಮಾನಿಸುವವರು ಉಂಟು, ಅವರು ಎಂದೂ ಗೆದ್ದದ್ದಿಲ್ಲ. ನೋಡಬೇಕಾದದ್ದು ಸನ್ ವೈಸರ್ ಹಿಂದಿನ ರೂಫ್ ಲೈನಿಂಗ್. ಬೀಡಿ ಸಿಗರೇಟು ಹೊಗೆಗೆ ಉಳಿದ ರೂಫ್ ಹಳದಿಯಾಗಿದ್ದರೂ ವೈಸರ್ ಮರೆಯಲ್ಲಿ ಮೂಲದ ಬಣ್ಣ ಇರುತ್ತದೆ. ಆಷ್‌ಟ್ರೇ ಎಳೆದು ಅದರ ಗೂಡಿನೊಳಗೂ ಇಣುಕಿ.

● ನಮ್ಮ ದೇಶದ ಒಂದು ಅಭ್ಯಾಸ ಹಳೇ ಕಾರುಗಳಿಗೆ ವರವಾಗಿದೆ. ಷೋರೂಮಿನಿಂದ ಬಂದ ದಿನವೇ ಸೀಟಿಗೆ ಕವರ್ ಹಾಕಿಸುತ್ತೇವೆ. ಸರ್ಕಾರಿ ಅಂಬಾಸಿಡರ್‌ಗಳಿಗೆ ಬಿಳಿ ಟರ್ಕಿ ಟವೆಲ್ಲಿನ ಹೊದಿಕೆ, ಮನೆಯ ಕಾರಿಗೆ ಹೂವಿನ ಚಿತ್ರದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು. ಹೊಸ ಸೀಟಿನ ಅಂದವನ್ನು ಮಾಲೀಕ ಒಂದು ದಿನವೂ ಅನುಭವಿಸುವುದಿಲ್ಲ, ನಿಜ. ಆದರೆ ನಲವತ್ತು ವರ್ಷದ ಮೇಲೆ ಕವರ್ ಬಿಚ್ಚಿದರೆ ಕೆಳಗೆ ಕಾರ್ಖಾನೆಯ ಬಣ್ಣ ಮಾಸದೆ ಸಿಗುವುದುಂಟು. ಪ್ಲಾಸ್ಟಿಕ್ ಹೊದಿಸಿ ಸಕಲೇಶಪುರದ ಕಡೆಯ ಮಳೆಯಲ್ಲಿ ನಿಲ್ಲಿಸಿದ ಕಾರಾದರೆ ಬೇರೆ ಮಾತು. ಒಳಗೆ ತೇವ ಕಟ್ಟಿ ಬೂಷ್ಟು ಹಿಡಿದು, ಬಣ್ಣವೆಂದು ನೀವು ನೋಡುತ್ತಿರುವುದು ಬೂಷ್ಟಿನ ಕಲೆಯಾಗಿರಬಹುದು. ದುದ್ದ, ಚನ್ನರಾಯಪಟ್ಟಣದ ಕಡೆಯ ಒಣ ಹವೆ ಈ ವಿಷಯದಲ್ಲಿ ದಯಾಳು.

● ಸೀಟಿನೊಳಗೆ ಏನು ತುಂಬಿದೆ ಎಂಬುದೂ ಸುಳಿವೇ. ಹಳೇ ಸೀಮೆ ಕಾರುಗಳಲ್ಲಿ ಕುದುರೆ ಕೂದಲು. ಡನ್‌ಲಪ್ ಕಂಪನಿಯವರು 1929ರಲ್ಲಿ ರಬ್ಬರ್ ಹಾಲಿನಿಂದ ಫೋಮ್ ಮಾಡಿದ ಮೇಲೆ ಅದು ಬಂತು. ಇಂದಿನ ಹಗುರ ಪಾಲಿಯುರೆಥೇನ್ ಫೋಮ್ ಕಾರಿನ ಸೀಟಿಗೆ ನುಗ್ಗಿದ್ದು 1950ರ ದಶಕದ ನಂತರ. ನಮ್ಮಲ್ಲಿ ಇನ್ನೊಂದಿದೆ: ತೆಂಗಿನ ನಾರು. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕುದುರೆ ಕೂದಲು ಎಲ್ಲಿ ಹುಡುಕುವುದು? ಸೀಮೆ ಕಾರಿನ ಸೀಟಿನೊಳಗೆ ನಾರು ಕಂಡರೆ ಅದನ್ನು ನಮ್ಮ ಕಡೆ ಒಮ್ಮೆ ಬಿಚ್ಚಿ ಕಟ್ಟಿರಬಹುದು. ಬಣ್ಣವೂ ಆಗಲೇ ಬದಲಾಗಿರಬಹುದು.

● ಡ್ಯಾಶ್‌ಬೋರ್ಡು, ಬಾಗಿಲಿನ ಮೇಲಂಚು ತಗಡಿನದಾಗಿದ್ದರೆ ಪರೀಕ್ಷೆ ಬೇರೆ. ರಬ್ಬರ್ ಬೀಡಿಂಗ್ ಕೆಳಗೆ, ಗ್ಲೋವ್ ಬಾಕ್ಸ್ ಒಳಗೆ, ಡಿಕ್ಕಿಯ ಒಳಮೂಲೆಯಲ್ಲಿ ಮೊದಲು ನೋಡಿ. ಅಲ್ಲೂ ಬಣ್ಣ ಬಳಿದಿದ್ದರೆ, ಕಾಣದ ಜಾಗದಲ್ಲಿ ನಯವಾದ ಮರಳು ಕಾಗದದಿಂದ ಒಂದು ರೂಪಾಯಿ ನಾಣ್ಯದಗಲ ನಿಧಾನವಾಗಿ ಉಜ್ಜಬೇಕು. ನಡುವೆ ತಗಡು, ಸುತ್ತ ಒಂದೊಂದೇ ಬಣ್ಣದ ಉಂಗುರ. ಪುರಾತನ ಕಟ್ಟಡಗಳ ಗೋಡೆ ಬಣ್ಣ ಪತ್ತೆ ಹಚ್ಚುವವರೂ ಮಾಡುವುದು ಇದನ್ನೇ. ತಗಡಿಗೆ ಅಂಟಿದ ಮೊದಲ ಉಂಗುರ ಕಂದುಗೆಂಪು ಕಂಡೊಡನೆ ‘ಆಹಾ, ಮೆರೂನ್ ಕಾರು’ ಎಂದು ಕುಣಿಯಬೇಡಿ. ಅದು ರೆಡ್ ಆಕ್ಸೈಡ್, ತುಕ್ಕು ತಡೆಯುವ ಪ್ರೈಮರ್. ಅದರ ಮೇಲಿನದೇ ಮೊದಲ ಬಣ್ಣ. ಎರಡು ಬಣ್ಣಗಳ ನಡುವೆ ತೆಳ್ಳನೆ ಧೂಳಿನ ಗೆರೆಯಿದ್ದರೆ ಆ ಎರಡರ ನಡುವೆ ಕಾರು ರಸ್ತೆಯಲ್ಲಿ ಓಡಾಡಿದೆ ಎಂದರ್ಥ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಮೂಗಿಗೆ ಮಾಸ್ಕು ಕಟ್ಟಿಕೊಂಡೇ ಉಜ್ಜಿ.

● ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಡಾಲ್ಫಿನ್ ಕಾರಿಗೆ ಈ ಪರೀಕ್ಷೆ ನಡೆಯದು. ಬಾಡಿ ಫೈಬರ್ ಗ್ಲಾಸಿನದು, ಉಜ್ಜಿದರೆ ತಗಡು ಸಿಗುವುದಿಲ್ಲ.

● ಕಾಲಕ್ಕೆ ಮುಂಚೆ ಹುಟ್ಟಿದ ಬಣ್ಣಗಳೂ ಇವೆ! ಈಗ ಎಲ್ಲೆಡೆ ಕಾಣುವ ಕಡು ಥ್ಯಾಲೊ ನೀಲಿ ವರ್ಣದ್ರವ್ಯ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಕ್ವಿನಾಕ್ರಿಡೋನ್ ಎಂಬ ಮಾಸದ ಕೆನ್ನೇರಳೆ ಬಂದದ್ದು 1958ರಲ್ಲಿ. 1928ರ ಕಾರಿನಲ್ಲಿ ಇವು ಸಿಕ್ಕರೆ ಪ್ರಯೋಗಾಲಯದವರು ನಗುತ್ತಾರೆ.

● ಫೋರ್ಡಿನ ಮಾಡೆಲ್ ಟಿ ಎಂದರೆ ಕಪ್ಪು ಎಂದು ಎಲ್ಲರಿಗೂ ಗೊತ್ತು. ಅದು 1914ರಿಂದ 1925ರ ತನಕ ಮಾತ್ರ. 1908ರಲ್ಲಿ ಶುರುವಾದಾಗ ಕೆಂಪು, ಹಸಿರು, ಬೂದು ಬಣ್ಣದ ಮಾಡೆಲ್ ಟಿಗಳಿದ್ದವು. ‘ಗೊತ್ತಿರುವ ಸಂಗತಿ’ಯನ್ನು ನಂಬಿ ಅಸಲಿ ಹಸಿರನ್ನು ಕೆರೆದು ಕಪ್ಪು ಬಳಿದರೆ ಅದಕ್ಕಿಂತ ನಷ್ಟವಿಲ್ಲ.

● ಬೇಕಲೈಟ್ ಗುಬ್ಬಿಗಳು ಕಂದು ಅಥವಾ ಕಪ್ಪು ಯಾಕೆ? ಆ ರಾಳವೇ ಕಾಲಕ್ರಮದಲ್ಲಿ ಕಪ್ಪಿಡುತ್ತದೆ, ತಿಳಿಬಣ್ಣ ಅದಕ್ಕೆ ಒಗ್ಗುವುದಿಲ್ಲ. ಕೆನೆ ಬಣ್ಣದ ಗುಬ್ಬಿ ಕಂಡರೆ ಅದು ಬೇರೆ ಪ್ಲಾಸ್ಟಿಕ್ಕು. ಆ ಕೆನೆ ಬಣ್ಣವೂ ಅಂದು ಬಿಳಿಗೆ ಹತ್ತಿರವಿದ್ದು ಈಗ ಹಳದಿಗೆ ತಿರುಗಿರಬಹುದು.

● ಫೋಟೊ ಸುಳ್ಳು ಹೇಳುತ್ತದೆಯೇ? ಹೇಳುತ್ತದೆ. ಹಳೇ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅದರಲ್ಲಿ ಕೆಂಪು ಸೀಟು ಕಪ್ಪಾಗಿ ಬರುತ್ತದೆ, ನೀಲಿ ಬಿಳಿಚಿಕೊಂಡು ಬರುತ್ತದೆ. ಅಜ್ಜನ ಮದುವೆಯ ಕಪ್ಪು ಬಿಳುಪು ಫೋಟೊದಲ್ಲಿ ಕಾರು ಕಪ್ಪಗಿದೆ ಎಂದ ಮಾತ್ರಕ್ಕೆ ಕಪ್ಪೇ ಆಗಿರಬೇಕಿಲ್ಲ. ಬಣ್ಣದ ಫೋಟೊ ಇನ್ನೂ ಜಾಣ ಸುಳ್ಳುಗಾರ. 1970ರ ದಶಕದ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಡೈ ಆಲ್ಬಮ್ಮಿನ ಕತ್ತಲಲ್ಲೂ ಮೊದಲು ಕರಗುತ್ತದೆ, ಚಿತ್ರವೆಲ್ಲ ಕೆಂಪಡರುತ್ತದೆ. ಅದನ್ನು ನೋಡಿ ಬೂದು ಸೀಟಿಗೆ ಇಟ್ಟಿಗೆ ಬಣ್ಣದ ರೆಕ್ಸಿನ್ ಹೊಲಿಸಿದರೆ ತಪ್ಪು ಯಾರದು? ಅದೇ ಫೋಟೊದಲ್ಲಿ ಬಿಳಿ ಪಂಚೆ ಹೇಗೆ ಕಾಣುತ್ತಿದೆ ನೋಡಿ. ಪಂಚೆ ಗುಲಾಬಿಯಾಗಿದ್ದರೆ ಸೀಟಿನಿಂದಲೂ ಅಷ್ಟು ಕೆಂಪನ್ನು ಕಳೆಯಬೇಕು.

● ಹಿರಿಯರ ನೆನಪು? ಕೇಳಲೇಬೇಕು, ಆದರೆ ಪೂರ್ತಿ ನಂಬುವಂತಿಲ್ಲ. ಮನುಷ್ಯ ಬಣ್ಣವನ್ನು ಇದ್ದದ್ದಕ್ಕಿಂತ ಗಾಢವಾಗಿ ನೆನಪಿಟ್ಟುಕೊಳ್ಳುತ್ತಾನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಮಂಕಾಗುತ್ತದೆ. ‘ನಮ್ಮ ಕಾರಿನ ಸೀಟು ಇದಕ್ಕಿಂತ ನೀಲಿ’ ಎಂದು ತಾತ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಇಂದಿನ ನೀಲಿ ಹಾಗೆ ಕಾಣುತ್ತಿದೆ.

● ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸಿರಿನ ಗೊಂದಲ. ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ಕಾರು ಪ್ರದರ್ಶನದ ತೀರ್ಪುಗಾರರ ಸಾಲಿನಲ್ಲಿ ಹೆಂಗಸರನ್ನು ಹೆಚ್ಚು ಕೂರಿಸಲು ಇದೊಂದೇ ಕಾರಣ ಸಾಕು ಎನಿಸುತ್ತದೆ.

● ಎರಡು ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡು ಬಿಸಿಲಿನಲ್ಲಿ ಬೇರೆಯಾಗುವುದನ್ನು ವಿಜ್ಞಾನಿಗಳು ಮೆಟಾಮೆರಿಸಂ ಎನ್ನುತ್ತಾರೆ. ಬಣ್ಣಕ್ಕೆ ಬಳಸಿದ ವಸ್ತು ಬೇರೆಯಾದಾಗ ಹೀಗಾಗುತ್ತದೆ. ಸೀರೆ ಅಂಗಡಿಯಲ್ಲಿ ಹೆಂಗಸರು ರವಿಕೆ ಕಣವನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿಯುವಂತೆ, ಕುಷನ್ ಅಂಗಡಿಯವನು ‘ಅದೇ ಕಲರ್’ ಎಂದು ಕೊಟ್ಟ ತುಣುಕನ್ನೂ ಹಳೆಯದರ ಪಕ್ಕ ಇಟ್ಟು ಮೊದಲು ಬಿಸಿಲಲ್ಲಿ, ಆಮೇಲೆ ಬಲ್ಬಿನಲ್ಲಿ, ಆಮೇಲೆ ಟ್ಯೂಬಿನಲ್ಲಿ ನೋಡಿ. ಮೂರರಲ್ಲೂ ಹೊಂದಿದರೆ ಮಾತ್ರ ಹೊಂದಿತು.

● ಬಣ್ಣ ಸರಿಯಿದ್ದೂ ಸೀಟೇ ತಪ್ಪಿರಬಹುದು. ಹಳೇ ಅಂಬಾಸಿಡರ್, ಪದ್ಮಿನಿಗಳ ಮುಂದೆ ಉದ್ದ ಬೆಂಚಿನ ಸೀಟು, ಗೇರು ಸ್ಟೇರಿಂಗ್ ಪಕ್ಕದಲ್ಲಿ. 1960ರ ದಶಕದ ಕಾರಿನಲ್ಲಿ ಎರಡು ಬಿಡಿ ಸೀಟು ಇದ್ದರೆ ರೆಕ್ಸಿನ್ ಯಾವ ಬಣ್ಣದ್ದಾದರೇನು? ಸೀಟ್ ಬೆಲ್ಟೂ ಅಷ್ಟೆ. ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ. ಆದರೆ ಸುರಕ್ಷತೆಗೆ ಹಾಕಿಸಿದ ಬೆಲ್ಟನ್ನು ಒರಿಜಿನಲ್ ಹೆಸರಲ್ಲಿ ಕಿತ್ತುಹಾಕುವವರನ್ನು ನಾನಂತೂ ಮೆಚ್ಚಲಾರೆ.

● ಹಾಸನದಲ್ಲೋ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಕುಷನ್ ಕೆಲಸಕ್ಕೆ ಕಾರು ಬಿಟ್ಟರೆ ಒಂದು ಮಾತು ಮೊದಲೇ ಆಡಿಬಿಡಿ: ಬಿಚ್ಚಿದ ಹಳೇ ರೆಕ್ಸಿನ್, ಪೈಪಿಂಗ್, ಕಾರ್ಪೆಟ್ ಚೂರು, ಮೊಳೆ, ಒಂದನ್ನೂ ಎಸೆಯಬಾರದು, ಗೋಣಿಚೀಲದಲ್ಲಿ ತುಂಬಿ ಕೊಡಬೇಕು. ಕೆಲಸಗಾರ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ. ಹರಿದ ಬೂದು ರೆಕ್ಸಿನ್ನಿನ ಕಾರು ಮತ್ತು ಹೊಚ್ಚಹೊಸ ಕೆಂಪು ಸೀಟಿನ ಕಾರು ಎರಡೂ ಎದುರಿಗಿದ್ದರೆ ತಿಳಿದವರು ಮೊದಲನೆಯದರ ಬಳಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹೊರದೇಶದ ದೊಡ್ಡ ಪ್ರದರ್ಶನಗಳಲ್ಲಿ, ರಿಪೇರಿ ಮಾಡದೆ ಹಾಗೇ ಉಳಿಸಿಕೊಂಡ ಕಾರುಗಳಿಗೆ ಪ್ರತ್ಯೇಕ ವಿಭಾಗವೇ ಇದೆ.

● ಇಷ್ಟೆಲ್ಲ ಓದಿದ ಮೇಲೆ ಕಣ್ಣಿಗೆ ಅಭ್ಯಾಸ ಬೇಕಲ್ಲ? ದುದ್ದದ ಕಡೆಯವರು ಚನ್ನರಾಯಪಟ್ಟಣ, ಕೆ.ಆರ್. ಪೇಟೆ ದಾರಿಯಾಗಿ ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಗೆ ಹೋಗಬಹುದು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೇ ಕಾರುಗಳು ಅಲ್ಲಿನ ‘ಪಯಣ’ ಮ್ಯೂಸಿಯಮ್ಮಿನಲ್ಲಿವೆ, ಧರ್ಮಸ್ಥಳದಲ್ಲೂ ಇವೆ. ಕಾರಿನೊಳಗೆ ಕೂರುವಂತಿಲ್ಲ, ಸೀಟು ಎತ್ತುವಂತಿಲ್ಲ. ಗಾಜಿನಿಂದ ನೋಡುವಾಗ ಸೀಟಿನ ನಡು ಬಿಟ್ಟು ಅಂಚಿಗೆ ಕಣ್ಣು ಹಾಯಿಸಿ: ಪೈಪಿಂಗ್ ತಿರುಗುವ ಮೂಲೆ, ಹೊಲಿಗೆಯ ದಾರ, ಕಾರ್ಪೆಟ್ ಬಾಗಿಲಿಗೆ ಮುಟ್ಟುವ ಜಾಗ, ವೈಸರ್‌ನ ನೆರಳು. ನೇರಳೆ ಟಾರ್ಚ್ ಒಳಗೆ ಬಿಡುತ್ತಾರೋ ಇಲ್ಲವೋ, ಅದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.